ಹತ್ತು ಬೆರಳು, ಎರಡು ಪಂದ್ಯ: ಬರಿಗಾಲ ವಿಂಗರ್ ಸಲೀಂ

(ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಸೇರಿವೆ.)

ಎಲ್ಲರಿಗೂ ನಮಸ್ಕಾರ.

ಒಂದು ಫೋಟೋದಿಂದ ಶುರು ಮಾಡೋಣ. 1936ರದ್ದು, ಸ್ಕಾಟ್ಲೆಂಡಿನ ಗ್ಲಾಸ್ಗೋದ್ದು. ಅಲ್ಲಿನ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನ ಅಡ್ಡಪಟ್ಟೆ ಜರ್ಸಿ ತೊಟ್ಟ ಭಾರತೀಯ ಆಟಗಾರರೊಬ್ಬರ ಪಾದಕ್ಕೆ ವಯಸ್ಸಾದ ಸ್ಕಾಟಿಷ್ ಮನುಷ್ಯರೊಬ್ಬರು ತಲೆ ಬಗ್ಗಿಸಿ ಬ್ಯಾಂಡೇಜು ಸುತ್ತುತ್ತಿದ್ದಾರೆ. ಆಟಗಾರ ಕಲ್ಕತ್ತೆಯ ಮೊಹಮ್ಮದ್ ಸಲೀಂ. ಬ್ಯಾಂಡೇಜು ಸುತ್ತುತ್ತಿರುವವರು ಜಿಮ್ಮಿ ಮೆಕ್‌ಮೆನೆಮಿ, ಒಂದು ಕಾಲಕ್ಕೆ ಸೆಲ್ಟಿಕ್‌ನ ದೊಡ್ಡ ಫಾರ್ವರ್ಡ್, ಆಗ ಅದೇ ಕ್ಲಬ್ಬಿನ ತರಬೇತುದಾರ. ಇವತ್ತು ಸಲೀಂ ಬಗ್ಗೆ ಮಾತಾಡುವವರೆಲ್ಲ, ಕಲ್ಕತ್ತೆಯಲ್ಲಾಗಲಿ ಗ್ಲಾಸ್ಗೋದಲ್ಲಾಗಲಿ, ಈ ಫೋಟೋದಿಂದಲೇ ಶುರು ಮಾಡುತ್ತಾರೆ. ಅದಕ್ಕೆ ಕಾರಣ ಇದೆ. ಸೆಲ್ಟಿಕ್ ಜರ್ಸಿಯಲ್ಲಿ ಸಲೀಂ ಆಡಿದ್ದು ಎರಡೇ ಪಂದ್ಯ, ಅದೂ ಮೊದಲ ತಂಡಕ್ಕಲ್ಲ, ಎರಡನೇ ತಂಡಕ್ಕೆ, ಅಲಯನ್ಸ್ ಲೀಗಿನಲ್ಲಿ. ಅಷ್ಟಕ್ಕೇ ತೊಂಬತ್ತು ವರ್ಷದ ನೆನಪು. ಆ ನೆನಪಿನಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಕೇರಿ ನೋಡುವುದು ಇವತ್ತಿನ ಕೆಲಸ. ನನ್ನ ಲೆಕ್ಕದಲ್ಲಿ ಅಭಿಮಾನಿಗಳು ಕಾಲನ್ನು ಸರಿಯಾಗಿ ನೆನಪಿಟ್ಟಿದ್ದಾರೆ, ಅಂಕಿಯನ್ನು ಕೆಡಿಸಿದ್ದಾರೆ. ಹೇಗೆ ಎಂದು ನೋಡೋಣ.

ಮೊದಲು ಮನುಷ್ಯನ ಪರಿಚಯ, ಚಿಕ್ಕದಾಗಿ. ಹುಟ್ಟಿದ್ದು 1904, ಕಲ್ಕತ್ತೆಯ ಮೇಟಿಯಾಬ್ರೂಜ್. ಮೋಹನ್ ಬಾಗಾನ್ ಬರಿಗಾಲಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಹುಡುಗನಿಗೆ ಏಳು ವರ್ಷ. ಇಪ್ಪತ್ತರ ದಶಕದ ನಡುವಿನಿಂದ ಚಿತ್ತರಂಜನ್ ಕ್ಲಬ್, ಸ್ಪೋರ್ಟಿಂಗ್ ಯೂನಿಯನ್, ಈಸ್ಟ್ ಬೆಂಗಾಲ್, ಆರ್ಯನ್ಸ್ ಅಂತ ಸುತ್ತಿ, 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಬಂದರು. ಆ ವರ್ಷವೇ ಮೊದಲ ಡಿವಿಷನ್‌ಗೆ ಏರಿದ್ದ ತಂಡ ಅದು. ಏರಿದ ವರ್ಷವೇ ಲೀಗ್ ಗೆದ್ದಿತು. ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ ಅದೇ. ಆಮೇಲೆ ನಿಲ್ಲಲಿಲ್ಲ, 1934ರಿಂದ 1938ರವರೆಗೆ ಐದಕ್ಕೆ ಐದು. ಸಲೀಂ ಜಾಗ ಔಟ್‌ಸೈಡ್ ರೈಟ್, ಇವತ್ತಿನ ಮಾತಲ್ಲಿ ರೈಟ್ ವಿಂಗರ್, ಅಂದರೆ ಮೈದಾನದ ಬಲ ಅಂಚಿನಲ್ಲಿ ದಾಳಿ ಮಾಡುವವರು.

ಈಗ ಕಾಲಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬರಿಗಾಲು ಅಂದ ಕೂಡಲೇ ನಮ್ಮವರಿಗೆ ಬಡತನ ಕಣ್ಣ ಮುಂದೆ ಬರುತ್ತದೆ. ಶೂ ಕೊಳ್ಳಲು ದುಡ್ಡಿರಲಿಲ್ಲ, ಪಾಪ, ಅಂತ. ಎಷ್ಟೋ ಜನಕ್ಕೆ ದುಡ್ಡಿರಲಿಲ್ಲ ನಿಜ. ಆದರೆ ದುಡ್ಡಿದ್ದವರೂ ಬರಿಗಾಲಲ್ಲೇ ಆಡುತ್ತಿದ್ದರು, ಕ್ಲಬ್ಬು ಬೂಟು ಕೊಟ್ಟರೂ ಬಿಚ್ಚಿಡುತ್ತಿದ್ದರು. ಆ ಕಾಲದ ಬೂಟನ್ನು ಒಮ್ಮೆ ಕೈಯಲ್ಲಿ ಹಿಡಿದರೆ ಯಾಕೆಂದು ತಿಳಿಯುತ್ತದೆ. ಪಾದದ ಕೀಲು ಮುಚ್ಚುವಷ್ಟು ಎತ್ತರ, ದಪ್ಪ ಚರ್ಮ, ಬೆರಳ ಮೇಲೆ ಗಟ್ಟಿ ಟೋಪಿ, ಅಡಿಗೆ ಮೊಳೆ ಹೊಡೆದು ಕೂರಿಸಿದ ಚರ್ಮದ ಸ್ಟಡ್ಡು. ಒಣಗಿದ್ದಾಗಲೇ ಭಾರ, ನೀರು ಕುಡಿದರೆ ಕೇಳುವುದೇ ಬೇಡ. ಸ್ಟಡ್ಡು ಸವೆದಾಗ ಮೊಳೆ ಒಳಗಿನಿಂದಲೂ ಚುಚ್ಚುತ್ತಿತ್ತು, ಹೊರಗಿನಿಂದ ಎದುರಾಳಿಯ ಕಾಲನ್ನೂ ಸೀಳುತ್ತಿತ್ತು. ಆ ಬೂಟು ಮಾಡಿದ್ದು ಕೆಸರಿನಲ್ಲಿ ಊರಿ ನಿಂತು ಬೆರಳ ತುದಿಯಿಂದ ಗುದ್ದುವ ಆಟಕ್ಕೆ. ಚೆಂಡನ್ನು ಮುಟ್ಟಿ ನೋಡಿ ಆಡುವವನಿಗೆ ಅದು ಕೈಗೆ ಬಾಕ್ಸಿಂಗ್ ಗ್ಲೌಸ್ ಹಾಕಿ ಹೂ ಕಟ್ಟು ಅಂದಂತೆ.

ಚೆಂಡೂ ಇವತ್ತಿನ ಚೆಂಡಲ್ಲ. ಸುತ್ತಳತೆ 27ರಿಂದ 28 ಇಂಚು, ಅದು ಈಗಲೂ ಅಷ್ಟೇ. ತೂಕ 1936ರಲ್ಲಿ 13ರಿಂದ 15 ಔನ್ಸ್, ಅಂದರೆ 370 ಗ್ರಾಂನಿಂದ 425 ಗ್ರಾಂ. ಮರುವರ್ಷ, 1937ರಲ್ಲಿ, ಒಂದು ಔನ್ಸ್ ಏರಿಸಿದರು. ಈ ತೂಕ ಆಟ ಶುರುವಾಗುವಾಗಿನದು. ಚೆಂಡು ಚರ್ಮದ್ದು, ಮೇಲೆ ಲೇಪ ಇಲ್ಲ, ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ಒಳಗೆ ರಬ್ಬರ್ ಬ್ಲಾಡರ್ ತೂರಿಸಿ ಗಾಳಿ ತುಂಬಿ ಬಾಯಿಗೆ ದಾರ ಬಿಗಿಯುತ್ತಿದ್ದರು. ಆ ದಾರದ ಗೆರೆ ಚೆಂಡಿನ ಮೇಲೆ ಉಬ್ಬಿಕೊಂಡೇ ಇರುತ್ತಿತ್ತು. ಬರಿಗಾಲಲ್ಲಿ ಒದೆಯುವವನಿಗೆ ಆ ದಾರ ಮೇಗಾಲಿಗೆ ತಾಗಿದರೆ ಚರ್ಮ ಕಿತ್ತುಬರುತ್ತದೆ. ಹಾಗಾಗಿ ಬ್ಯಾಂಡೇಜಿಗೆ ಎರಡು ಕೆಲಸ: ಕೀಲು ಉಳುಕದಂತೆ ಬಿಗಿ, ಮೇಗಾಲಿಗೆ ಗುರಾಣಿ.

ಸುತ್ತುವ ಕ್ರಮ ಇವತ್ತು ಉಳುಕಿದ ಕಾಲಿಗೆ ಕಟ್ಟುವಂಥದ್ದೇ. ಮೂರು ಇಂಚು ಅಗಲದ ಪಟ್ಟಿ ಸಾಕು. ಬೆರಳುಗಳ ಬುಡದಿಂದ ಶುರು, ಅಲ್ಲೇ ಎರಡು ಸುತ್ತು ಹಾಕಿ ನೆಲೆ ಮಾಡಿಕೊಳ್ಳಬೇಕು. ಆಮೇಲೆ ಮೇಗಾಲಿನ ಮೇಲೆ ಓರೆಯಾಗಿ ಹತ್ತಿಸಿ, ಕೀಲಿನ ಹಿಂದೆ ಬಳಸಿ, ಮತ್ತೆ ಓರೆಯಾಗಿ ಇಳಿಸಿ ಅಂಗಾಲಿನ ಕೆಳಗೆ ತಂದರೆ ಎಂಟರ ಆಕಾರ. ಹೀಗೆ ಮೂರು ನಾಲ್ಕು ಸಲ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಬೇಕು. ಸುತ್ತುವಾಗ ಪಾದ ಕಣಕಾಲಿಗೆ ನೇರ ಕೋನದಲ್ಲಿರಬೇಕು. ಪಾದ ಕೆಳಗೆ ಚಾಚಿದ್ದಾಗ ಸುತ್ತಿದರೆ ಓಡುವಾಗ ಪಟ್ಟಿ ಮುಂದೆ ಬಿಗಿದು ಹಿಂದೆ ಸಡಿಲಾಗುತ್ತದೆ. ತೀರಾ ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತದೆ, ಜೋಮು ಹಿಡಿದ ಬೆರಳಿಂದ ಸಲೀಂ ಆಟ ಆಗುವುದಿಲ್ಲ. ಉಗುರು ಅದುಮಿ ಬಿಟ್ಟಾಗ ತಕ್ಷಣ ಕೆಂಪಾದರೆ ಬಿಗಿ ಸರಿ. ಹತ್ತೂ ಬೆರಳು ಹೊರಗೆ. ಇಡೀ ಕಟ್ಟಿನ ಗುಟ್ಟು ಇರುವುದೇ ಅಲ್ಲಿ.

ಒದೆಯುವ ರೀತಿಯೂ ಬದಲಾಗುತ್ತದೆ. ಬರಿಗಾಲಲ್ಲಿ ಬೆರಳ ತುದಿಯಿಂದ ಗುದ್ದುವ ಹಾಗಿಲ್ಲ, ಗುದ್ದಿದರೆ ಹೆಬ್ಬೆರಳು ಮುರಿಯುತ್ತದೆ ಅಥವಾ ಉಗುರು ಹೋಗುತ್ತದೆ. ಪಾದವನ್ನು ಪೂರ್ತಿ ಕೆಳಗೆ ಚಾಚಿ, ಕೀಲು ಬಿಗಿಹಿಡಿದು, ಮೇಗಾಲಿನ ಎಲುಬಿನ ಮೇಲೆ ಚೆಂಡು ಕೂರಿಸಬೇಕು. ಕ್ರಾಸಿಗಾದರೆ, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕೊಡುವುದಕ್ಕಾದರೆ, ಮೇಗಾಲಿನ ಒಳಮಗ್ಗುಲು, ಚೆಂಡಿನ ನಡುವಿಗಿಂತ ತುಸು ಕೆಳಗೆ. ಚೆಂಡಿನ ಯಾವ ಭಾಗ ಮುಟ್ಟಿದೆ ಎಂಬುದು ಚರ್ಮಕ್ಕೆ ನೇರ ತಿಳಿಯುತ್ತದೆ, ತಪ್ಪಿದರೆ ನೋವೇ ಹೇಳಿಕೊಡುತ್ತದೆ. ಬರಿಗಾಲವರ ಕ್ರಾಸು ಎಲ್ಲಿ ಬೇಕೋ ಅಲ್ಲಿಗೇ ಬೀಳುತ್ತಿತ್ತು ಎಂದು ಹಳಬರು ಹೇಳುವುದು ಬರೀ ಅಭಿಮಾನದ ಮಾತಲ್ಲ.

ಕೆಡುವುದು ಎಲ್ಲಿ? ಮೂರು ಕಡೆ. ಒಂದು, ಎದುರಾಳಿಯ ಬೂಟು ಮೇಲೆ ಬಿದ್ದರೆ ಕಥೆ ಮುಗಿಯಿತು. ಹಾಗಾಗಿ ಬರಿಗಾಲವರು ನಿಂತು ಗುದ್ದಾಡುವುದಿಲ್ಲ. ಎದುರಾಳಿ ಒಂದು ಹೆಜ್ಜೆ ದೂರದಲ್ಲಿರುವಾಗಲೇ ಚೆಂಡು ಬಿಡಬೇಕು, ಇಲ್ಲವೇ ಸರಿಸಿಕೊಂಡು ಹೋಗಬೇಕು. ಎರಡು, ಚಳಿ. ತಣ್ಣಗಾದ ಬೆರಳಿಗೆ ಸ್ಪರ್ಶವೇ ಇರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮಳೆ. ಕಲ್ಕತ್ತಾ ಲೀಗ್ ಮೇ ತಿಂಗಳಲ್ಲಿ ಶುರುವಾಗಿ ಮುಂಗಾರಿನ ನಟ್ಟನಡುವೆ ನಡೆಯುತ್ತಿತ್ತು. ಮೇ ತಿಂಗಳ ಒಣ ನೆಲದಲ್ಲಿ ಬರಿಗಾಲ ತಂಡಗಳು ಗೋರಾ ಪಲ್ಟನ್ನಿನವರನ್ನು, ಅಂದರೆ ಬ್ರಿಟಿಷ್ ಸೈನಿಕರ ತಂಡಗಳನ್ನು, ಕುಣಿಸುತ್ತಿದ್ದವು. ಜೂನ್ ನಡುವಿಗೆ ಮೈದಾನ ಜೇಡಿಮಣ್ಣಿನ ಕೆಸರಾದ ಮೇಲೆ ಬರಿಗಾಲಿಗೆ ಹಿಡಿತವಿಲ್ಲ, ನೆನೆದ ಚೆಂಡಿಗೆ ಭಾರ. ಕೂಡಿಟ್ಟ ಅಂಕಗಳೆಲ್ಲ ಜುಲೈ ಹೊತ್ತಿಗೆ ನೀರುಪಾಲು. ವರ್ಷವರ್ಷವೂ ಇದೇ ಪಾಡು.

ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದ ಗುಟ್ಟು ಇಲ್ಲಿದೆ. ಮಳೆ ಬಂದ ದಿನ ಬೂಟು ಹಾಕಿ ಅಂತ ಆಟಗಾರರನ್ನು ಒಪ್ಪಿಸಿ ಅಭ್ಯಾಸ ಮಾಡಿಸಿತು. ಜೊತೆಗೆ ಒಂದೇ ಊರಿನವರನ್ನು ನೆಚ್ಚಿಕೊಳ್ಳದೆ ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಕರೆತಂದಿತು, ನಮ್ಮ ಬೆಂಗಳೂರಿನಿಂದಲೂ. ಒಣ ದಿನ ಬರಿಗಾಲಿನ ಚಾಲಾಕು, ಒದ್ದೆ ದಿನ ಬೂಟಿನ ಹಿಡಿತ. ಐದು ವರ್ಷದ ಗೆಲುವನ್ನು ಬರೀ ಹುಮ್ಮಸ್ಸಿನ ಲೆಕ್ಕಕ್ಕೆ ಹಾಕುವವರು ಈ ಬೂಟಿನ ವಿಷಯ ಮರೆಯುತ್ತಾರೆ.

1936ಕ್ಕೆ ಬರೋಣ. ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ದಾರಿಖರ್ಚಿಗೆ ದುಡ್ಡು ಕೂಡಿಸಲು ಊರೂರಲ್ಲಿ ಪಂದ್ಯ ಆಡುತ್ತ ಕಲ್ಕತ್ತೆಗೂ ಬಂತು. ಅದರ ವಿರುದ್ಧ ಮೊದಲ ಪಂದ್ಯದಲ್ಲಿ ಸಲೀಂ ಆಡಿದರು. ಎರಡನೆಯದಕ್ಕೆ ನಾಪತ್ತೆ. ಹುಡುಕಿಕೊಡಿ ಅಂತ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿದರು ಎಂಬ ಮಾತೂ ಇದೆ. ಅಷ್ಟರಲ್ಲಿ ಅವರು ಹಡಗು ಹತ್ತಿಯಾಗಿತ್ತು, ಗ್ಲಾಸ್ಗೋದ ಸ್ಕಾಟ್ಸ್‌ಟನ್‌ನಲ್ಲಿ ಅಂಗಡಿ ಇಟ್ಟಿದ್ದ ಹಾಶಿಂ ಜೊತೆಗೆ. ಈ ಹಾಶಿಂ ಅಣ್ಣನೆಂದು ಕೆಲವರು, ಬಳಗದವನೆಂದು ಕೆಲವರು. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ ಅಲ್ಲವೇ, ಗ್ಲಾಸ್ಗೋ ಪತ್ರಿಕೆಯವರಿಗೆ ಅದು ತಿಳಿಯಬೇಕಲ್ಲ.

ಸೆಲ್ಟಿಕ್ ಮ್ಯಾನೇಜರ್ ಆಗ ವಿಲ್ಲಿ ಮೇಲಿ. ಕ್ಲಬ್ ಹುಟ್ಟಿದಂದಿನಿಂದ ಅದರೊಂದಿಗೇ ಇದ್ದವರು. ಹಾಶಿಂ ಹೋಗಿ, ನಮ್ಮವನೊಬ್ಬ ಬಂದಿದ್ದಾನೆ, ಒಮ್ಮೆ ನೋಡಿ, ಆದರೆ ಬರಿಗಾಲಲ್ಲಿ ಆಡುತ್ತಾನೆ ಅಂದಾಗ ಮೇಲಿ ನಕ್ಕರಂತೆ. ನಕ್ಕರೂ ನೋಡಿದರು. ಬರಿಗಾಲನ್ನು ತಡೆಯುವ ನಿಯಮ ಆಗ ಇರಲಿಲ್ಲ. ಬೂಟಿನ ಅಡಿಯಲ್ಲಿ ಏನೇನು ಇರಬಾರದು ಎಂದು ನಿಯಮ ಹೇಳುತ್ತಿತ್ತೇ ಹೊರತು ಬೂಟು ಇರಲೇಬೇಕು ಎಂದಲ್ಲ.

ಆಗಸ್ಟ್ 28, ಶುಕ್ರವಾರ ಸಂಜೆ. ಸೆಲ್ಟಿಕ್ ಪಾರ್ಕ್. ಎದುರಾಳಿ ಗಾಲ್‌ಸ್ಟನ್. ಸೆಲ್ಟಿಕ್ 7, ಗಾಲ್‌ಸ್ಟನ್ 1. ಐದು ಸಾವಿರದಷ್ಟು ಜನ ಸೇರಿದ್ದರೆಂದು ಗ್ಲಾಸ್ಗೋದ ಪತ್ರಿಕೆಯೊಂದು ಬರೆಯಿತು. ಎರಡನೇ ತಂಡದ ಆಟಕ್ಕೆ ಅದು ಒಳ್ಳೆಯ ಗುಂಪು. ಮರುದಿನ ಇನ್ನೊಂದು ಪತ್ರಿಕೆ ಸಲೀಂರನ್ನು ಕಣ್ಕಟ್ಟಿನವನಿಗೆ ಹೋಲಿಸಿ ಬರೆದ ವರದಿಯಿಂದಲೇ ಹತ್ತು ಬೆರಳಿನ ಮಾತು ಹುಟ್ಟಿದ್ದು. ಅದರ ಸಾರಾಂಶ ಇಷ್ಟು: ಚೆಂಡನ್ನು ಹೆಬ್ಬೆರಳ ಮೇಲೆ ನಿಲ್ಲಿಸುತ್ತಾನೆ, ಅಲ್ಲಿಂದ ಕಿರುಬೆರಳವರೆಗೆ ಉರುಳಿಸುತ್ತಾನೆ, ತಿರುಗಿಸುತ್ತಾನೆ, ಒಂಟಿಕಾಲಲ್ಲಿ ಕುಪ್ಪಳಿಸಿ ಎದುರಾಳಿಯನ್ನು ಬಳಸುತ್ತಾನೆ, ಆಮೇಲೆ ಸೆಂಟರ್ ಫಾರ್ವರ್ಡ್‌ಗೆ ಕೊಡುತ್ತಾನೆ. ಏಳರಲ್ಲಿ ಮೂರು ಗೋಲು ಈತನ ಚಲನೆಯಿಂದ ಬಂದವು.

ಇದನ್ನು ಓದಿ ಎಷ್ಟೋ ಜನ, ಪತ್ರಕರ್ತ ಬಣ್ಣ ಹಚ್ಚಿದ್ದಾನೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ವರದಿಯನ್ನು ಕಾಲಿನ ಭಾಷೆಗೆ ತಂದು ನೋಡಿ. ಚೆಂಡಿನ ಅಡ್ಡಳತೆ ಸುಮಾರು 22 ಸೆಂಟಿಮೀಟರ್, ಪಾದದ ಮುಂಭಾಗದ ಅಗಲ ಹತ್ತರ ಆಸುಪಾಸು. ಚೆಂಡು ಹೆಬ್ಬೆರಳೊಂದರ ಮೇಲೇ ಕೂರುವುದಿಲ್ಲ, ಸರಿ. ಆದರೆ ಐದೂ ಬೆರಳನ್ನು ಮೇಲಕ್ಕೆ ಮಡಿಸಿದರೆ ಬೆರಳಿಗೂ ಮೇಗಾಲಿಗೂ ನಡುವೆ ಒಂದು ತಗ್ಗು ಆಗುತ್ತದೆ. ಚೆಂಡು ಅಲ್ಲಿ ಕೂರುತ್ತದೆ, ಭಾರ ಹೆಬ್ಬೆರಳ ಕಡೆಗೆ. ಕೀಲನ್ನು ಹೊರಮಗ್ಗುಲಿಗೆ ವಾಲಿಸಿದರೆ ಚೆಂಡು ಬೆರಳುಗಳ ಮೇಲೆ ಸಾಲಾಗಿ ಹಾಯ್ದು ಕಿರುಬೆರಳಿಗೆ ಬರುತ್ತದೆ. ಬೂಟಿನೊಳಗೆ ಬೆರಳು ಮಡಿಸಲಾಗದು, ಆದ್ದರಿಂದ ಬೂಟು ಹಾಕಿದವನಿಂದ ಇದು ಸಾಧ್ಯವಿಲ್ಲ. ಗ್ಲಾಸ್ಗೋದವರು ಅಂಥದ್ದನ್ನು ಕಂಡಿರಲಿಲ್ಲ, ಅಷ್ಟೆ.

ಇನ್ನೊಂದು ಸಾಕ್ಷಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಸಲೀಂ ಬಲತುದಿಯ ಆಟಗಾರ. ಬಲಗಾಲಿನ ಹೆಬ್ಬೆರಳು ಇರುವುದು ಮೈದಾನದ ನಡುವಿನ ಕಡೆ, ಕಿರುಬೆರಳು ಟಚ್‌ಲೈನ್ ಕಡೆ. ಹೆಬ್ಬೆರಳಿಂದ ಕಿರುಬೆರಳಿಗೆ ಅಂದರೆ ಒಳಗಿನಿಂದ ಹೊರಕ್ಕೆ. ಲೆಫ್ಟ್ ಬ್ಯಾಕ್, ಅಂದರೆ ಎದುರಿಗೆ ಬರುವ ಎಡಬದಿಯ ರಕ್ಷಕ, ಚೆಂಡು ಒಳಗಿದೆ ಎಂದು ಆ ಕಡೆ ಭಾರ ಹಾಕುತ್ತಾನೆ. ಅಷ್ಟರಲ್ಲಿ ಚೆಂಡು ಅವನ ಹೊರಮಗ್ಗುಲಿಗೆ ಜಾರಿರುತ್ತದೆ. ಎಡಗಾಲಲ್ಲಿ ಒಂದು ಕುಪ್ಪಳ, ಅವನನ್ನು ಬಳಸಿ ಹೋಗಲು. ಬಲಗಾಲು ನೆಲ ಮುಟ್ಟುವ ಮೊದಲೇ ಚೆಂಡು ಅದರ ಹೊರಗೆ ಇದೆ, ಮುಂದಿನ ಸ್ಪರ್ಶ ಕ್ರಾಸು. ಪತ್ರಕರ್ತ ಸುಮ್ಮನೆ ಕಟ್ಟಿದ ಕಥೆಯಾಗಿದ್ದರೆ ದಿಕ್ಕು ಇಷ್ಟು ಸರಿಯಾಗಿ ಹೊಂದುತ್ತಿರಲಿಲ್ಲ. ಆತ ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾನೆ.

ಅಷ್ಟು ಹೊತ್ತು ಲೆಫ್ಟ್ ಬ್ಯಾಕ್ ಏನು ಮಾಡುತ್ತಿದ್ದ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಲ್‌ಸ್ಟನ್ ದೊಡ್ಡ ತಂಡವಲ್ಲ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಗಿ, ದಾಳಿಗಾರನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂರು ಜನರ ಬದಲು ಇಬ್ಬರು ಇದ್ದರೆ ಸಾಕು ಎಂದಾದ ಮೇಲೆ, ನಡುವಿನ ಆಟಗಾರ ಸೆಂಟರ್ ಹಾಫ್ ಹಿಂದೆ ಸರಿದು, ರಕ್ಷಕರಾದ ಫುಲ್ ಬ್ಯಾಕುಗಳು ಅಂಚಿಗೆ ಹೋಗಿ ವಿಂಗರ್‌ಗಳನ್ನು ಹಿಡಿಯುವ ಪದ್ಧತಿ ದೊಡ್ಡ ಕ್ಲಬ್ಬುಗಳಲ್ಲಿ ಬೇರೂರಿತ್ತು. ಸಣ್ಣ ತಂಡಗಳಲ್ಲಿ ಆ ಕಾವಲು ಅಷ್ಟು ಬಿಗಿ ಇರಲಿಲ್ಲ. ಜೊತೆಗೆ ಬರಿಗಾಲ ಮೇಲೆ ಬೂಟಿಡಲು ಯಾರಿಗೂ ಮನಸ್ಸು ಬಾರದು. ಮೊದಲ ಸಲ ನೋಡುವ ಡಿಫೆಂಡರ್ ಒಂದು ಗಳಿಗೆ ಅನುಮಾನಿಸುತ್ತಾನೆ, ವಿಂಗರ್‌ಗೆ ಆ ಗಳಿಗೆಯೇ ಬೇಕಾದ್ದು.

ಇನ್ನೊಂದು ಪಂದ್ಯ ಹ್ಯಾಮಿಲ್ಟನ್ ಅಕಾಡೆಮಿಕಲ್ ವಿರುದ್ಧ, 5-1. ಇಲ್ಲಿಂದ ನೆನಪು ಕೆಡಲು ಶುರು. ಒಬ್ಬರ ಮಾತಿನಲ್ಲಿ ಹ್ಯಾಮಿಲ್ಟನ್ ಮೊದಲು, ಇನ್ನೊಬ್ಬರ ಮಾತಿನಲ್ಲಿ ಗಾಲ್‌ಸ್ಟನ್ ಮೊದಲು. ಪೆನಾಲ್ಟಿಯ ಕಥೆ ಇನ್ನೂ ಸೊಗಸು. ಗಾಲ್‌ಸ್ಟನ್ ಪಂದ್ಯದ ವರದಿ ಪೆನಾಲ್ಟಿ ಕೊಟ್ಟರೂ ನಾಚಿಕೆಯಿಂದ ಒಲ್ಲೆ ಅಂದ ಎನ್ನುತ್ತದೆ. ಅಭಿಮಾನಿಗಳ ಬಾಯಲ್ಲಿ ಸಲೀಂ ಪೆನಾಲ್ಟಿ ಗೋಲು ಹೊಡೆದಿದ್ದಾರೆ, ಹ್ಯಾಮಿಲ್ಟನ್ ವಿರುದ್ಧ. ಎರಡೂ ಒಟ್ಟಿಗೆ ನಿಜವಿರಲು ಅಡ್ಡಿಯಿಲ್ಲ, ಪಂದ್ಯಗಳು ಬೇರೆ ಬೇರೆ. ಆದರೆ ಎರಡನ್ನೂ ಒಂದೇ ಸಂಜೆಗೆ ಹೊಲಿದು ಹೇಳುವವರು ಇದ್ದಾರೆ. ಆಗ ಮಾತ್ರ ಕೂಡಿಬರುವುದಿಲ್ಲ. ಹೆಸರಿನದೂ ಅದೇ ಪಾಡು. ಗ್ಲಾಸ್ಗೋದಲ್ಲಿ ಅಬ್ದುಲ್ ಸಲೀಂ ಎಂದು ಅಚ್ಚಾಯಿತು. ಹಳೆಯ ಪತ್ರಿಕೆಗಳಲ್ಲಿ ಮೊಹಮ್ಮದ್ ಎಂದು ಹುಡುಕುವವರಿಗೆ ಬರಿಗೈ.

ಎಲ್ಲಕ್ಕಿಂತ ಹೆಚ್ಚು ಸಲ ಕೇಳುವ ಕಥೆ ದುಡ್ಡಿನದು. ಸಲೀಂ ಊರಿಗೆ ಹೋಗುತ್ತೇನೆಂದಾಗ ಕ್ಲಬ್ಬು ಅವರಿಗಾಗಿ ಒಂದು ಸಹಾಯಾರ್ಥ ಪಂದ್ಯ ಇಟ್ಟು, ಗೇಟಿನ ಹಣದಲ್ಲಿ ನೂರಕ್ಕೆ ಐದು ಕೊಡುತ್ತೇವೆಂದಿತಂತೆ. ಆ ಮೊತ್ತ 1,800 ಪೌಂಡ್ ಆಯಿತಂತೆ. ಸಲೀಂ ಅಷ್ಟನ್ನೂ ಅನಾಥ ಮಕ್ಕಳಿಗೆ ಕೊಟ್ಟರಂತೆ. ಕೊಟ್ಟರು ಎಂಬುದರ ತಂಟೆಗೆ ನಾನು ಹೋಗುವುದಿಲ್ಲ. ಅಂಕಿಯನ್ನು ಮಾತ್ರ ತಕ್ಕಡಿಗೆ ಹಾಕೋಣ. 1,800 ನೂರಕ್ಕೆ ಐದಾದರೆ ಒಟ್ಟು ಗೇಟು 36,000 ಪೌಂಡ್. ಆಗ ನಿಂತು ನೋಡುವ ಟಿಕೆಟು ಒಂದು ಶಿಲ್ಲಿಂಗ್‌ನ ಸುಮಾರು, ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಅಂದರೆ 7,20,000 ಜನ ಬರಬೇಕು. ಟಿಕೆಟು ದುಪ್ಪಟ್ಟು ಅನ್ನಿ, ಆಗಲೂ 3,60,000. ಮರುವರ್ಷ, 1937ರಲ್ಲಿ, ಹ್ಯಾಂಪ್‌ಡನ್‌ನಲ್ಲಿ ಸೆಲ್ಟಿಕ್ ಮತ್ತು ಅಬರ್ಡೀನ್ ನಡುವಿನ ಸ್ಕಾಟಿಷ್ ಕಪ್ ಫೈನಲ್‌ಗೆ ಸೇರಿದ್ದು 1,47,365 ಜನ, ಕಿಕ್ಕಿರಿದು. ಅಷ್ಟೂ ಜನ ಶಿಲ್ಲಿಂಗ್ ಕೊಟ್ಟರೆ ಗೇಟು 7,368 ಪೌಂಡ್, ಅದರಲ್ಲಿ ನೂರಕ್ಕೆ ಐದು 368. ಹಾಗಾಗಿ 1,800 ಎಂಬುದು ಪಾಲಿನ ಮೊತ್ತವಾಗಿರಲು ಸಾಧ್ಯವೇ ಇಲ್ಲ. ಎಲ್ಲೋ ಒಂದು ಕಡೆ ಒಟ್ಟು ಗೇಟೋ, ರೂಪಾಯಿಯೋ, ಸೊನ್ನೆಯೋ ಸೇರಿಕೊಂಡಿದೆ. ಬಾಯಿಂದ ಬಾಯಿಗೆ ಬರುವಾಗ ಅಂಕಿ ಊದುತ್ತದೆ, ಇಳಿಯುವುದಿಲ್ಲ.

ದುಡ್ಡಿನ ಇನ್ನೊಂದು ಕಥೆ ಚಿಕ್ಕದು, ಆದರೆ ಗಟ್ಟಿ. ಕೊನೆಗಾಲದಲ್ಲಿ ಸಲೀಂಗೆ ಕಾಯಿಲೆಯಾದಾಗ ಮಗ ಸೆಲ್ಟಿಕ್‌ಗೆ ಕಾಗದ ಬರೆದರು. ನೆರವು ಕೇಳುವ ನೆಪ, ಅಪ್ಪನ ಹೆಸರು ಅಲ್ಲಿ ಯಾರಿಗಾದರೂ ನೆನಪಿದೆಯೇ ಎಂದು ತಿಳಿಯುವ ಆಸೆ. ಕ್ಲಬ್ಬಿನಿಂದ ಉತ್ತರ ಬಂತು, ಒಳಗೆ 100 ಪೌಂಡಿನ ಬ್ಯಾಂಕ್ ಡ್ರಾಫ್ಟು. ಅದನ್ನು ನಗದು ಮಾಡಿಸದೆ ಹಾಗೇ ಇಟ್ಟುಕೊಂಡರು. ಸಲೀಂ ತೀರಿಕೊಂಡದ್ದು 1980ರಲ್ಲಿ. ಎರಡು ಎರಡನೇ ದರ್ಜೆಯ ಪಂದ್ಯಕ್ಕೆ ನಲವತ್ತು ವರ್ಷದ ಮೇಲೆ ಉತ್ತರ ಬರೆಯುವ ಕ್ಲಬ್ಬು ಅಪರೂಪವೇ.

ಈಗ ನಮ್ಮ ಊರಿನ ಎಳೆ. ಮೊಹಮ್ಮಡನ್ ಸ್ಪೋರ್ಟಿಂಗ್ ಹೊಡೆತ ತಡೆಯುವವರಿಲ್ಲ ಎಂದಿದ್ದ 1937ರಲ್ಲೇ, ಮುಂಬೈಯ ರೋವರ್ಸ್ ಕಪ್ ಫೈನಲ್‌ನಲ್ಲಿ ಅದನ್ನು 1-0ಯಿಂದ ಸೋಲಿಸಿದ್ದು ಬೆಂಗಳೂರು ಮುಸ್ಲಿಮ್ಸ್. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನದು ಎಂದು ನಮ್ಮವರೇ ಎಷ್ಟು ಜನ ಬಲ್ಲರು? 1938ರಲ್ಲಿ ಮತ್ತೆ ಅವರೇ, ಈ ಸಲ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಲ್ಟನ್ನಿನ ಮೇಲೆ. 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಫೈನಲ್‌ನಲ್ಲೇ ಸೇಡು ತೀರಿಸಿಕೊಂಡಿತು.

ಬರಿಗಾಲಿನ ಆಟ ಸಲೀಂ ಜೊತೆ ಮುಗಿಯಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್, ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. 1-2ರಿಂದ ಸೋತೆವು, ಎರಡು ಪೆನಾಲ್ಟಿ ಕೈಬಿಟ್ಟು. ಆ ಒಂದು ಗೋಲು ನಮ್ಮ ಎಸ್. ರಾಮನ್ ಅವರದು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10-1ರಿಂದ ಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು, ಅವರೂ ಬೆಂಗಳೂರಿನವರೇ, ಈಸ್ಟ್ ಬೆಂಗಾಲ್‌ನ ಪಂಚಪಾಂಡವರೆಂದು ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರು. ಹೆಲ್ಸಿಂಕಿಯ ಚಳಿಯಲ್ಲಿ ಪೆಟ್ಟು ತಿಂದ ಮೇಲೆ ಬೂಟು ಕಡ್ಡಾಯವಾಯಿತು.

ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಇರಲಿ, ಒಳ್ಳೆಯದೇ. ರಾಮನ್, ಅಹ್ಮದ್ ಖಾನ್ ಹೆಸರು ಅದೇ ಬೀದಿಗಳಲ್ಲಿ ಆಡುವ ಹುಡುಗರಿಗೆ ಗೊತ್ತಿದ್ದರೆ ಇನ್ನೂ ಒಳ್ಳೆಯದಿತ್ತು.

ಇಲ್ಲಿಗೆ ನನ್ನ ಮಾತು ಸಾಕು. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ಅಷ್ಟು ಚೆನ್ನಾಗಿ ಆಡಿದವರನ್ನು ಮೊದಲ ತಂಡಕ್ಕೆ ಯಾಕೆ ತೆಗೆದುಕೊಳ್ಳಲಿಲ್ಲ? ಮೈಬಣ್ಣ ಕಾರಣವೇ?

ಮೈಬಣ್ಣದ ಮಾತು ಆಗಿನ ವರದಿಯಲ್ಲೇ ಬರುತ್ತದೆ, ಬಿಳಿ-ಹಸಿರು ಜರ್ಸಿಯ ಮೇಲೆ ಕಪ್ಪು ಬಣ್ಣ ಎದ್ದು ಕಾಣುತ್ತಿತ್ತು ಅಂತ. ಜನ ನೋಡುತ್ತಿದ್ದ ಬಗೆ ಅದರಲ್ಲೇ ತಿಳಿಯುತ್ತದೆ. ಆದರೆ ಬೇರೆ ಕಾರಣಗಳನ್ನೂ ಎದುರಿಟ್ಟುಕೊಳ್ಳಬೇಕು. ಸೆಲ್ಟಿಕ್ ಆಗಷ್ಟೇ, 1935-36ರಲ್ಲಿ, ಹತ್ತು ವರ್ಷದ ಮೇಲೆ ಲೀಗ್ ಗೆದ್ದಿತ್ತು. ಜಿಮ್ಮಿ ಮೆಕ್‌ಗ್ರೋರಿ ಒಬ್ಬರೇ ಆ ಲೀಗಿನಲ್ಲಿ 50 ಗೋಲು ಹೊಡೆದಿದ್ದರು. ಬಲತುದಿಯಲ್ಲಿ ಇದ್ದದ್ದು ಜಿಮ್ಮಿ ಡೆಲೇನಿ, ವಯಸ್ಸು ಇಪ್ಪತ್ತೊಂದು. ಸಲೀಂಗೆ ಮೂವತ್ತೆರಡು. ಯಾವ ಮ್ಯಾನೇಜರ್ ಆದರೂ ಡೆಲೇನಿಯನ್ನು ಕೂರಿಸುತ್ತಿರಲಿಲ್ಲ. ಮೇಲಾಗಿ ಸಲೀಂಗೆ ಇಂಗ್ಲಿಷ್ ಬಾರದು, ಹಾಶಿಂ ಜೊತೆಗಿದ್ದು ಅನುವಾದಿಸಬೇಕಿತ್ತು. ಪಂದ್ಯ ನಡೆಯುವಾಗ ಹಾಶಿಂ ಮೈದಾನದೊಳಗೆ ಬರಲಾರರಲ್ಲ. ಕ್ಲಬ್ಬು ಅವರನ್ನು ಆ ಸೀಸನ್ ಪೂರ್ತಿ ಉಳಿಸಿಕೊಳ್ಳಲು ಬಯಸಿತ್ತು, ಊರಿನ ನೆನಪು ತಡೆಯದೆ ಅವರೇ ಹೊರಟರು. ನನ್ನ ಅನಿಸಿಕೆ ಕೇಳಿದರೆ, ಒಳ್ಳೆಯ ಹೊತ್ತಿನಲ್ಲೇ ಹೊರಟರು. ಆಗಸ್ಟಿನ ನೆಲ ಬೇರೆ, ನವೆಂಬರಿನ ನೆಲ ಬೇರೆ. ಕಲ್ಕತ್ತೆಯ ಕೆಸರು ಬೆಚ್ಚಗಾದರೂ ಇರುತ್ತದೆ.

ಪ್ರಶ್ನೆ: ಬರಿಗಾಲಿಗೆ ಅವಕಾಶ ಕೊಡಲಿಲ್ಲ ಅಂತ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲವಂತೆ?

ಇದೂ ಆ 1,800 ಪೌಂಡಿನ ಜಾತಿಯ ಕಥೆ. ಬ್ರೆಜಿಲ್‌ಗೆ ಹಡಗಿನಲ್ಲಿ ವಾರಗಟ್ಟಲೆ ಪಯಣ, ತಯಾರಿಗೆ ಸಮಯವಿಲ್ಲ, ಒಲಿಂಪಿಕ್ಸೇ ದೊಡ್ಡದು ಎಂಬ ಆಗಿನ ಆಡಳಿತದವರ ಎಣಿಕೆ, ಇಂಥವು ಸೇರಿ ಹೋಗಲಿಲ್ಲ. ಬರಿಗಾಲಿನ ಕಾರಣ ಹೇಳಲು ಸುಲಭ, ಕೇಳಲು ರೋಚಕ, ಅದಕ್ಕೇ ಉಳಿದಿದೆ.

ಪ್ರಶ್ನೆ: ಇವತ್ತು ಸಲೀಂ ಥರದವರು ಬಂದರೆ ಆಡಲು ಬಿಡುತ್ತಾರೆಯೇ?

ಬಿಡುವುದಿಲ್ಲ. ಈಗಿನ ನಾಲ್ಕನೇ ನಿಯಮದ ಪ್ರಕಾರ ಜರ್ಸಿ, ಚಡ್ಡಿ, ಕಾಲುಚೀಲ, ಶಿನ್‌ಗಾರ್ಡ್, ಪಾದರಕ್ಷೆ, ಐದೂ ಕಡ್ಡಾಯ. ಆಟಗಾರರು ಮೈದಾನಕ್ಕೆ ಬರುವ ಸುರಂಗದ ಬಾಯಲ್ಲೇ ರೆಫರಿ ತಡೆಯುತ್ತಾರೆ. ಆದರೆ ಅದೇ ನಿಯಮದಲ್ಲಿ ಒಂದು ಸಣ್ಣ ಕಿಂಡಿ ಇದೆ. ಆಡುವಾಗ ಶೂ ತಾನಾಗಿ ಕಳಚಿ ಬಿದ್ದರೆ ಆಟ ನಿಲ್ಲಿಸಬೇಕಿಲ್ಲ. ಆದಷ್ಟು ಬೇಗ, ತಡವೆಂದರೆ ಚೆಂಡು ಮುಂದಿನ ಸಲ ಗೆರೆ ದಾಟುವುದರೊಳಗೆ, ಮತ್ತೆ ಹಾಕಿಕೊಳ್ಳಬೇಕು. ಅಷ್ಟರೊಳಗೆ ಆ ಬರಿಗಾಲಿನಿಂದ ಗೋಲು ಹೊಡೆದರೆ ಗೋಲು ಗೋಲೇ.